ಏಳನೇ ಪುಟದ ಪ್ಲೇಟು

ಮಾನಮ್ಮನವರೆ, ಪಂಚಶೀಲಾ, ಕಮಲಾಪುರದಿಂದ ಬೆಳಗಿನ ಬಸ್ಸಿಗೇ ಹೊರಟು ಬಂದ ಬಂಧುಗಳೆ, ನಮ್ಮ ಲೋಹಲೇಪನ ಕೇಂದ್ರದ ಹಳೆಯ ಹೊಸ ಸಹೋದ್ಯೋಗಿಗಳೆ, ಮುಂದಿನ ಸಾಲಿನಲ್ಲಿ ಕೂತಿರುವ ನಿರ್ದೇಶಕರಾದ ವಿವೇಕಾನಂದ ಅವರೆ— ಎಲ್ಲರಿಗೂ ನಮಸ್ಕಾರ, ಜೈ ಭೀಮ್.

ಕಳೆದ ಮಾರ್ಚ್ ಹನ್ನೊಂದನೇ ತಾರೀಖು, ಮಂಗಳವಾರ, ಈ ಸಭಾಂಗಣದ ಮೇಲಿನ ಕೋಣೆಯಲ್ಲಿ ಐದು ಜನ ಕೂತು ಒಂದು ವರದಿಗೆ ಸಹಿ ಹಾಕಿದರು. ರೋಗಿಗಳ ಮೈಯೊಳಗೆ ಹೋದ ಟೈಟೇನಿಯಂ ಪ್ಲೇಟುಗಳ ಲೇಪ ಕೆಟ್ಟದ್ದು ನಿಜ, ಅದಕ್ಕೆ ಕಾರಣ ತಂತ್ರಜ್ಞ ಭೀಮಶಾ ಅವರ ನಿರ್ಲಕ್ಷ್ಯ, ಬೇರೆ ಯಾರ ತಪ್ಪೂ ಇಲ್ಲ ಎಂದು ಬರೆದರು. ಕಡತ ಮುಚ್ಚಿದರು. ಆ ಹೊತ್ತಿಗೆ ಭೀಮಶಾ ತೀರಿಕೊಂಡು ಒಂಬತ್ತು ದಿನವಾಗಿತ್ತು.

ನನಗೆ ಇಲ್ಲಿ ಶ್ರದ್ಧಾಂಜಲಿ ಸಲ್ಲಿಸಲು ಹೇಳಿದ್ದಾರೆ. ಹತ್ತು ನಿಮಿಷ ಎಂದಿದ್ದಾರೆ. ಸ್ವಲ್ಪ ಹೆಚ್ಚಾಗುತ್ತದೆ.

ಒಂದು ಮಾತು ಮೊದಲೇ ಸ್ಪಷ್ಟ ಮಾಡುತ್ತೇನೆ. ಭೀಮಶಾ ಅವರ ಸಾವಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಭಾನುವಾರ ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಎದೆ ಹಿಡಿದುಕೊಂಡಿತು ಎಂದರು, ಕಲಬುರಗಿ ಮುಟ್ಟುವ ಮೊದಲೇ ಮುಗಿದು ಹೋಯಿತು. ಐವತ್ತೆರಡು ವರ್ಷ. ಅದು ದೇಹದ ವಿಷಯ. ನನ್ನ ಅನುಮಾನ ಇರುವುದು ಆಮೇಲಿನ ಒಂಬತ್ತು ದಿನಗಳ ಮೇಲೆ. ಮತ್ತು ಅದಕ್ಕೂ ಮೊದಲಿನ ಇಪ್ಪತ್ತು ದಿನಗಳ ಮೇಲೆ.

ಕಮಲಾಪುರದವರಿಗೆ ಭೀಮಶಾ ಗೊತ್ತು, ಅವರ ಕೆಲಸ ಗೊತ್ತಿರಲಿಕ್ಕಿಲ್ಲ. ಹೇಳುತ್ತೇನೆ. ಮೂಳೆ ಮುರಿದಾಗ ಡಾಕ್ಟರು ಒಳಗೆ ಒಂದು ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕುತ್ತಾರಲ್ಲ, ಅದು ಟೈಟೇನಿಯಂ. ಆ ಲೋಹ ನಮ್ಮ ಮೈಗೆ ಒಗ್ಗುವುದು ಅದರ ಮೇಲಿರುವ ತೆಳ್ಳನೆಯ ಆಕ್ಸೈಡ್ ಪದರದಿಂದ. ಆ ಪದರವನ್ನು ಬೇಕಾದಷ್ಟು ಬೆಳೆಸುವುದು ಭೀಮಶಾ ಅವರ ಕೆಲಸ. ಪ್ಲೇಟನ್ನು ಚೆನ್ನಾಗಿ ತೊಳೆದು, ಆಮ್ಲದ ತೊಟ್ಟಿಯಲ್ಲಿ ತೂಗುಬಿಟ್ಟು, ವಿದ್ಯುತ್ ಹಾಯಿಸುತ್ತಾ ವೋಲ್ಟ್ ಏರಿಸಬೇಕು. ಏರಿಸಿದ ಹಾಗೆ ಪದರ ದಪ್ಪವಾಗುತ್ತದೆ, ದಪ್ಪವಾದ ಹಾಗೆ ಬಣ್ಣ ಬದಲಾಗುತ್ತದೆ. ಬಣ್ಣ ಬಳಿಯುವುದಿಲ್ಲ— ಪದರದ ದಪ್ಪವೇ ಬಣ್ಣವಾಗಿ ಕಾಣುತ್ತದೆ.

ನಾನು ಇಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು. ನನ್ನ ಹತ್ತಿರ ಈ ಬಣ್ಣಗಳ ಇಂಗ್ಲಿಷ್ ಪಟ್ಟಿ ಇತ್ತು. ಭೀಮಶಾ ಹತ್ತಿರ ಕಮಲಾಪುರದ ಪಟ್ಟಿ ಇತ್ತು. ಹನ್ನೆರಡು ವೋಲ್ಟ್, ಹಳೇ ಬೆಲ್ಲ. ಇಪ್ಪತ್ತು ವೋಲ್ಟ್, ನಮ್ಮೂರ ಕೆಂಪು ಬಾಳೆಹಣ್ಣು. ಮೂವತ್ತರ ಹತ್ತಿರ, ಶಾಯಿ. ಐವತ್ತೈದಕ್ಕೆ ತೊಗರಿ ಬೇಳೆ. ಸಂಶೋಧನೆ ಮಾಡುವ ಹುಡುಗಿಯರು ಮೀಟರು ನೋಡುತ್ತಾ ನಿಂತಿದ್ದರೆ ಅವರು ತೊಟ್ಟಿ ನೋಡಿ ಹೇಳುತ್ತಿದ್ದರು— "ಇನ್ನಾ ಬಾಳಿಹಣ್ಣು ಅದ ತಂಗಿ, ಕೈ ತಗೀಬ್ಯಾಡ, ಬ್ಯಾಳಿ ಬರಲಿ."

ನಗಬೇಡಿ. ಈ ಬೆಲ್ಲ ಮತ್ತು ಬೇಳೆಯ ಮೇಲೆಯೇ ಈ ಇಡೀ ವಿಷಯ ನಿಂತಿದೆ.

ಹನ್ನೆರಡು ವೋಲ್ಟಿನಲ್ಲಿ ಒಂದು ಬಂಗಾರದ ಬಣ್ಣ ಬರುತ್ತದೆ. ಐವತ್ತೈದರಲ್ಲಿ ಇನ್ನೊಂದು ಬಂಗಾರದ ಬಣ್ಣ ಬರುತ್ತದೆ. ಪಳಗದ ಕಣ್ಣಿಗೆ ಎರಡೂ ಒಂದೇ. ಆದರೆ ಎರಡನೆಯದರ ಪದರ ಮೊದಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ದಪ್ಪ. ಕೈಗೆ ಹಾಕುವ ಈ ಪ್ಲೇಟುಗಳಿಗೆ ನಮ್ಮ ಕೇಂದ್ರ ಒಪ್ಪಿಕೊಂಡದ್ದು ಎರಡನೆಯ ಬಂಗಾರ. ಬೇಳೆ. ಅದಕ್ಕೆ ಹೊತ್ತು ಹಿಡಿಯುತ್ತದೆ, ಒಂದೊಂದನ್ನೇ ಕಾಯಬೇಕಾಗುತ್ತದೆ. ಬೆಲ್ಲಕ್ಕೆ ಹೊತ್ತು ಬೇಡ. ತೊಳೆಯದೆ ಅದ್ದಿದರೂ ಮೇಲಿಂದ ಹೊಳೆಯುತ್ತದೆ.

ಇನ್ನೊಂದು ವಿಷಯ ಇದೆ, ಅದನ್ನೂ ದಯವಿಟ್ಟು ಗಮನಿಸಿ. ಪ್ಲೇಟನ್ನು ತೊಟ್ಟಿಯಲ್ಲಿ ಯಾವುದಾದರೂ ಒಂದು ಕಡೆ ಹಿಡಿಯಲೇಬೇಕಲ್ಲ? ಹಿಡಿದ ಜಾಗಕ್ಕೆ ಲೇಪ ಹತ್ತುವುದಿಲ್ಲ. ಅಲ್ಲೊಂದು ಬೋಳು ಚುಕ್ಕೆ ಉಳಿಯುತ್ತದೆ. ಭೀಮಶಾ ಏನು ಮಾಡುತ್ತಿದ್ದರು— ಹೀಗೆ— ಟೈಟೇನಿಯಂ ತಂತಿಯನ್ನು ಸ್ಕ್ರೂ ತೂತಿನ ಒಳಗೆ ತೂರಿಸಿ, ಒಳಗಡೆಯೇ ಬಿಗಿಯಾಗಿ ಕೂರಿಸಿ ತೂಗುಬಿಡುತ್ತಿದ್ದರು. ಬೋಳು ಚುಕ್ಕೆ ತೂತಿನ ಒಳಗೆ ಬೀಳುತ್ತಿತ್ತು. ಮಾಂಸಕ್ಕೆ ತಾಗುವ ಜಾಗದಲ್ಲಿ ಒಂದು ಕಲೆ ಇರುತ್ತಿರಲಿಲ್ಲ. ಕ್ಲಿಪ್ಪಿನಲ್ಲಿ ಕಚ್ಚಿಸಿದರೆ ಕೆಲಸ ಬೇಗ ಆಗುತ್ತದಲ್ಲ ಎಂದು ನಾನೇ ಒಮ್ಮೆ ಕೇಳಿದ್ದೆ. "ಮೇಡಮ್ಮೋರೆ, ಕ್ಲಿಪ್ಪಿಗೆ ಹಲ್ಲ ಇರ್ತಾವ್ರೀ. ಕಚ್ಚಿದ್ದು ಕಾಣ್ತದ. ಒಬ್ಬರ ಮೈಯಾಗ ಹೋಗೋದು, ಅದಕ ನಾವು ಯಾಕ ಕಚ್ಚಬೇಕು?" ಎಂದರು.

ಇಪ್ಪತ್ತೆಂಟು ವರ್ಷ ಅವರು ಕ್ಲಿಪ್ ಮುಟ್ಟಲಿಲ್ಲ. ಇದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಇಲ್ಲಿ ಕೂತವರಲ್ಲಿ ಗೊತ್ತಿಲ್ಲದವರು ಯಾರಾದರೂ ಇದ್ದರೆ ಕೈ ಎತ್ತಿ.

ಇಲ್ಲ. ಸರಿ.

ಆ ಮನುಷ್ಯ ತೊಂಬತ್ತೇಳರಲ್ಲಿ ಗಾಜಿನ ಪಾತ್ರೆ ತೊಳೆಯಲು ಬಂದವರು. ನೋಡಿ ನೋಡಿ ಕಲಿತರು, ಆಮೇಲೆ ಪರೀಕ್ಷೆ ಬರೆದು ತಂತ್ರಜ್ಞರಾದರು. ಮಗಳು ಪಂಚಶೀಲಾ ಸಣ್ಣವಳಿದ್ದಾಗ ಯಾವ ಓಲೆ ಹಾಕಿದರೂ ಕಿವಿ ಕೀವಾಗುತ್ತಿತ್ತು. ಇವರು ತುಂಡು ತಂತಿ ಬಗ್ಗಿಸಿ, ನೀಲಿ ಬಣ್ಣ ಬರಿಸಿ ಎರಡು ರಿಂಗು ಮಾಡಿ ಹಾಕಿದರು. ಮಾನಮ್ಮನವರು ಬೈದರಂತೆ— "ಮಂದಿ ಮಕ್ಕಳಿಗೆ ಬಂಗಾರ ಹಾಕ್ತಾರ, ನೀ ದವಾಖಾನಿ ತಂತಿ ಹಾಕ್ತಿ." ಇವರು, "ಬಂಗಾರ ಕಳ್ಳರ ಕಣ್ಣಿಗೆ, ಇದು ಕಿವಿಗೆ" ಎಂದರಂತೆ. ಕಿವಿ ಮತ್ತೆ ಕೀವಾಗಲಿಲ್ಲ. ಇಂದಿಗೂ ಹುಡುಗಿ ಅದನ್ನೇ ಹಾಕಿಕೊಂಡಿದ್ದಾಳೆ, ನೋಡಿ.

ಹೋದ ವರ್ಷ ಆಗಸ್ಟಿನಲ್ಲಿ ಲೇಪ ಮಾಡುವ ತೊಟ್ಟಿ, ವಿದ್ಯುತ್ ಯಂತ್ರ ಎಲ್ಲವನ್ನೂ ಇಲ್ಲಿಂದ ಎತ್ತಿ, ಪ್ಲೇಟು ತಯಾರಿಸುವ ಕಾರ್ಖಾನೆಗೇ ಕೊಟ್ಟರು. ಕಾಗದದಲ್ಲಿ ಮಾತ್ರ ಲೇಪ ಕೇಂದ್ರದಲ್ಲೇ ಆಗುತ್ತಿತ್ತು, ತಂತ್ರಜ್ಞರ ಹೆಸರು ಭೀಮಶಾ ಎಂದೇ ಇತ್ತು. ಅವರಿಗೆ ಆ ಕಾರ್ಖಾನೆಯ ಗೇಟಿನೊಳಗೆ ಹೋಗಲು ಒಂದು ಪಾಸ್ ಕೂಡ ಕೊಟ್ಟಿರಲಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಪಾಸ್ ಕೊಡಿ ಎಂದು ಅವರು ಕೇಳಿದ ಅರ್ಜಿ ಇದೆ.

ಈಗ ಅವರ ತಪ್ಪನ್ನೂ ಹೇಳುತ್ತೇನೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಆದರೆ ಭೀಮಶಾ ಇದನ್ನು ತಾವೇ ನನಗೆ ಹೇಳಿದ್ದಾರೆ, ಮುಚ್ಚಿಟ್ಟರೆ ಅವರಿಗೇ ಅನ್ಯಾಯ. ಯಂತ್ರ ಸಾಗಿಸುವ ಮುನ್ನ ನಿರ್ದೇಶಕರು ಕರೆದು, "ಸಾಹೇಬರು ನೋಡಾಕ ಬರ್ತಾರ, ಟ್ರೇದಾಗ ಇಡಾಕ ಚಂದನ್ನ ಆರು ಪ್ಲೇಟ್ ಮಾಡಿಕೊಡು ಭೀಮಶಾ" ಎಂದರು. ಮಾಡಿಕೊಟ್ಟರು. ಬರೆಸಿಕೊಳ್ಳಲಿಲ್ಲ, ಯಾವ ಸಾಹೇಬರು ಎಂದು ಕೇಳಲಿಲ್ಲ. ಆ ಆರು ಪ್ಲೇಟು ಟ್ರೇಗೆ ಹೋಗಲಿಲ್ಲ— ಕಾರ್ಖಾನೆಯ ನೂರನಲವತ್ತು ಪ್ಲೇಟುಗಳ ಪರೀಕ್ಷಾ ಮಾದರಿಯಾಗಿ ಪ್ರಯೋಗಾಲಯಕ್ಕೆ ಹೋದವು. ಆರೂ ಪಾಸಾದವು. ಪ್ರಮಾಣಪತ್ರ ಬಂತು. ಆ ನೂರನಲವತ್ತೂ ಪ್ಲೇಟುಗಳು ಆಸ್ಪತ್ರೆಗಳಿಗೆ ಹೊರಟವು.

ಕೋಟನೂರಿನ ನನ್ನ ಮನೆಗೆ ಬಂದು, ನೀರೂ ಕುಡಿಯದೆ, ಭೀಮಶಾ ಹೇಳಿದ್ದು ಒಂದೇ ಮಾತು. "ಮೇಡಮ್ಮೋರೆ, ನಾ ವರನ್ನ ತೋರಿಸಿದೆ. ಮದುವಿ ಬ್ಯಾರೆಯವನ ಕೂಡ ಆಗ್ಯಾದ."

ಅವರಿಗೆ ಅದು ಗೊತ್ತಾದದ್ದು ಹೇಗೆ? ಹಿಂದಿನ ಸಾಲಿನಲ್ಲಿ ಗುಲ್ಶನ್ ಕೂತಿದ್ದಾರೆ. ಮೋಮಿನಪುರದಲ್ಲಿ ಬಟ್ಟೆ ಹೊಲಿಯುವವರು. ಸೆಪ್ಟೆಂಬರಿನಲ್ಲಿ ಮೆಟ್ಟಿಲಿಂದ ಬಿದ್ದು ಬಲಗೈ ಮುರಿಯಿತು, ಪ್ಲೇಟು ಹಾಕಿದರು. ಗಾಯ ಮಾಯಲೇ ಇಲ್ಲ. ಜನವರಿಯಲ್ಲಿ ಎರಡನೇ ಆಪರೇಷನ್ ಮಾಡಿ ಪ್ಲೇಟು ತೆಗೆದರು. ಈಗ ಕತ್ತರಿ ತಿರುಗಿಸಲು ಕೈ ಬರುವುದಿಲ್ಲ. ಪ್ಲೇಟಿನಿಂದಲೇ ಹೀಗಾಯಿತು ಎಂದು ನಾನು ಹೇಳುವುದಿಲ್ಲ, ಅವರ ಡಾಕ್ಟರೂ ಹೇಳಿಲ್ಲ. ಪರೀಕ್ಷೆ ಮಾಡದೆ ಯಾರೂ ಹೇಳಲಾಗದು. ಪರೀಕ್ಷೆ ಮಾಡಿ ಎಂದು ಕೇಳಿದ್ದೇ ಇಲ್ಲಿ ಅಪರಾಧವಾಯಿತು.

ಆಸ್ಪತ್ರೆಯ ಚೀಟಿಯ ಮೇಲೆ ನಮ್ಮ ಕೇಂದ್ರದ ಹೆಸರು ನೋಡಿ ಗುಲ್ಶನ್ ಫೆಬ್ರವರಿ ಮೊದಲ ವಾರ ಇಲ್ಲಿಗೆ ಬಂದರು. ನಾಲ್ಕು ಕೋಣೆ ತಿರುಗಿಸಿ, ಕೊನೆಗೆ ಭೀಮಶಾ ಹತ್ತಿರ ಕಳಿಸಿದರು. ಅವತ್ತು ನಡೆದದ್ದನ್ನು ಗುಲ್ಶನ್ ನನಗೆ ಹೇಳಿದಂತೆಯೇ ಹೇಳುತ್ತೇನೆ.

"ಭಾಯಿ, ಇದು ನನ್ನ ಕೈಯಾಗ ಇತ್ತು" ಎಂದು ಡಬ್ಬಿ ಮುಂದಿಟ್ಟರು. "ಬಿಸಾಡು ಅಂದ್ರು ದವಾಖಾನಿಯಾಗ. ಐದು ತಿಂಗಳು ಮೈಯಾಗ ಇಟ್ಕೊಂಡೀನಿ, ಹ್ಯಾಂಗ ಬಿಸಾಡ್ಲಿ? ಯಾರು ಮಾಡಿದ್ದು ನೋಡೂಣು ಅಂತ ಬಂದೀನಿ."

ಭೀಮಶಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ತಿರುಗಿಸಿದರು. ಮತ್ತೆ ನೋಡಿದರು. "ನಂದೇ ಅಂತ ಬರದದ ತಂಗಿ, ಆದ್ರ ನಂದಲ್ಲ" ಎಂದರು.

"ಹ್ಯಾಂಗ ಹೇಳ್ತಿ? ಎಲ್ಲಾರೂ ಹಿಂಗೇ ಅಂತಾರ."

"ಇದು ಬೆಲ್ಲ. ನಂದು ಬ್ಯಾಳಿ. ಮತ್ತ ಇಲ್ಲಿ ನೋಡು, ಎರಡೂ ಅಂಚಿಗೆ ಕಚ್ಚ್ಯಾರ."

"ಬೆಲ್ಲ, ಬ್ಯಾಳಿ... ನೀ ಕಿರಾಣಿ ಅಂಗಡಿ ಇಟ್ಟೀಯೇನು, ದವಾಖಾನಿ ಸಾಮಾನು ಮಾಡ್ತೀಯೋ?" ಎಂದು ಗುಲ್ಶನ್ ಕೇಳಿದರಂತೆ. ಭೀಮಶಾ ನಗಲಿಲ್ಲವಂತೆ. ಕುರ್ಚಿ ಎಳೆದು ಅವರನ್ನು ಕೂರಿಸಿ, ಕೈ ಎಷ್ಟು ತಿರುಗುತ್ತದೆ ತೋರಿಸು ಎಂದರಂತೆ. ಇವರು ತೋರಿಸಿದರು. ಅಷ್ಟೇ ತಿರುಗಿತು— ಇಷ್ಟು. ಡಬ್ಬಿಯನ್ನು ಭೀಮಶಾ ಹತ್ತಿರವೇ ಬಿಟ್ಟು ಹೋದರು.

ಅದೇ ಸಂಜೆ ಅವರು ನನ್ನ ಮನೆಗೆ ಬಂದದ್ದು. ನಾನು ಹೇಳಿದೆ, ಬಾಯಿಮಾತಿನಲ್ಲಿ ಹೇಳಬೇಡಿ, ಬರೆದು ಕೊಡಿ, ಮೊಹರು ಹಾಕಿಸಿಕೊಳ್ಳಿ. ಯಾಕೆ ಹಾಗೆ ಹೇಳಿದೆ? ನನಗೆ ಎರಡು ಸಾವಿರದ ನಾಲ್ಕು ನೆನಪಿದೆ. ಇಲ್ಲಿ ಅನೇಕರು ಮರೆತಿದ್ದೀರಿ. ಆಗ ದೌಲಪ್ಪ ಎಂಬ ಅಟೆಂಡರ್ ಇದ್ದರು. ಆಮ್ಲದ ಡ್ರಮ್ಮಿನ ತಳ ಸವೆದಿದೆ ಎಂದು ಮೂರು ಸಲ ಬಾಯಲ್ಲಿ ಹೇಳಿದರು. ಡ್ರಮ್ಮು ಒಡೆಯಿತು, ಅವರ ಕಾಲೇ ಸುಟ್ಟಿತು. ವರದಿಯಲ್ಲಿ ಏನು ಬಂತು? ಅಟೆಂಡರ್ ಯಾರಿಗೂ ತಿಳಿಸಿರಲಿಲ್ಲ, ಅವರದೇ ನಿರ್ಲಕ್ಷ್ಯ. ಈ ಕಟ್ಟಡಕ್ಕೆ ಮೂರು ಮಹಡಿ ಇದೆ. ತಪ್ಪು ಯಾವತ್ತೂ ಮೆಟ್ಟಿಲು ಹತ್ತಿದ್ದನ್ನು ನಾನು ಕಂಡಿಲ್ಲ. ಇಳಿಯುವುದನ್ನು ಮಾತ್ರ ಕಂಡಿದ್ದೇನೆ.

ಹಾಗಾಗಿ ಭೀಮಶಾ ಬರೆದರು. ಇಗೋ— ಇದು ಅವರ ಪತ್ರದ ಪ್ರತಿ. ಹಿಂದೆ ಕೂತವರಿಗೆ ಕಾಣದು, ಓದುತ್ತೇನೆ. ಫೆಬ್ರವರಿ ಹತ್ತು, ಸೋಮವಾರ. ನಿರ್ದೇಶಕರಿಗೆ. ಈ ಪ್ಲೇಟಿನ ಲೇಪ ನಾನು ಮಾಡಿದ್ದಲ್ಲ, ದಪ್ಪ ಕಡಿಮೆ ಇರುವ ಅನುಮಾನವಿದೆ, ಹೊರಗಿನ ಪ್ರಯೋಗಾಲಯಕ್ಕೆ ಕಳಿಸಬೇಕು, ಅಲ್ಲಿಯವರೆಗೆ ಉಳಿದ ಪ್ಲೇಟುಗಳನ್ನು ಯಾರ ಮೈಗೂ ಹಾಕದಂತೆ ಆಸ್ಪತ್ರೆಗಳಿಗೆ ತಿಳಿಸಬೇಕು. ನಾನು ಆರು ಮಾದರಿ ಮಾಡಿಕೊಟ್ಟದ್ದು ನಿಜ, ಅದರ ಬಗ್ಗೆ ಕೇಳಿದರೆ ಹೇಳುತ್ತೇನೆ. ಅಡಕ— ಒಂದು ಡಬ್ಬಿ, ಅದರಲ್ಲಿ ರೋಗಿಯಿಂದ ತೆಗೆದ ಒಂದು ಪ್ಲೇಟು. ಕೆಳಗೆ ಕೇಂದ್ರದ ದುಂಡು ಮೊಹರು. ಸ್ವೀಕೃತಿ ಸಂಖ್ಯೆ ಇನ್ನೂರ ಹನ್ನೆರಡು.

ಇದನ್ನು ಪಂಚಶೀಲಾ ತಂದೆಯ ನೋಟುಬುಕ್ಕಿನಲ್ಲಿ ಹುಡುಕಿ ತೆಗೆದಳು.

ಇಪ್ಪತ್ತು ದಿನ ಯಾರೂ ಅವರನ್ನು ಕರೆಯಲಿಲ್ಲ. ದಿನಾ ಕಮಲಾಪುರದಿಂದ ಬರುತ್ತಿದ್ದರು, ಇಂದು ಕರೆಯುತ್ತಾರೆ ಎಂದು ಕೂರುತ್ತಿದ್ದರು, ಸಂಜೆ ಬಸ್ಸು ಹತ್ತುತ್ತಿದ್ದರು. ಆರು ಪ್ಲೇಟಿನ ಮಾತು ತಾವೇ ಹೇಳಬೇಕು ಎಂದು ತಯಾರಾಗಿದ್ದರು. ಮಾರ್ಚ್ ಎರಡಕ್ಕೆ ತೀರಿಕೊಂಡರು. ಮಾರ್ಚ್ ನಾಲ್ಕಕ್ಕೆ ಸಮಿತಿ ನೇಮಕವಾಯಿತು. ಬದುಕಿದ್ದಾಗ ಇಪ್ಪತ್ತು ದಿನ ಬಾರದ ಸಮಿತಿ, ಸತ್ತ ಎರಡನೇ ದಿನಕ್ಕೆ ಬಂತು. ಒಂದು ವಾರದಲ್ಲಿ ಕೆಲಸ ಮುಗಿಸಿತು. ಅಷ್ಟು ಚುರುಕು ಈ ಕೇಂದ್ರದಲ್ಲಿ ನಾನು ಮೂವತ್ತು ವರ್ಷದಲ್ಲಿ ಕಂಡದ್ದಿಲ್ಲ.

ವರದಿಯ ಪ್ರತಿಯನ್ನು ಅಂಚೆಯಲ್ಲಿ ಕಮಲಾಪುರಕ್ಕೆ ಕಳಿಸಿದ್ದಾರೆ, ಇಂಗ್ಲಿಷಿನಲ್ಲಿ. ಮಗಳು ಓದಿ ಹೇಳಿದಾಗ ಮಾನಮ್ಮನವರು ಕೇಳಿದರಂತೆ— "ಹದಿನೈದು ದಿನದಾಗ ಉತ್ತರ ಕೊಡ್ರಿ ಅಂತ ಬರದಾರಲ್ಲ, ಅವರ ಹೆಸರಿಗೇ ಬರದಾರ. ಎಲ್ಲಿಂದ ಬಂದು ಕೊಡಬೇಕಂತ?" ಮೂರನೇ ದಿನ ನನ್ನ ಮನೆಗೆ ಬಂದು ಆ ಕಾಗದ ಕೈಯಲ್ಲಿಟ್ಟರು. "ನೌಕರಿ ಬ್ಯಾಡ, ಹಾರ ಬ್ಯಾಡ. ನನ್ನ ಗಂಡ ಮಂದಿ ಕೈ ಕೆಡಿಸಿದಾ ಅಂತ ಬರದಾರಲ್ಲ, ಆ ಸಾಲು ಅಳಿಸ್ರಿ ಮೇಡಮ್ಮೋರೆ" ಎಂದರು. ಅಷ್ಟೇ ಅವರು ಕೇಳಿದ್ದು.

ನಾನು ವರದಿಯನ್ನು ನಾಲ್ಕು ಸಲ ಓದಿದೆ. ಓದುವುದು ನನ್ನ ಕೆಟ್ಟ ಚಟ. ನಾಲ್ಕನೇ ಪುಟದಲ್ಲಿ ಹೀಗಿದೆ: "ರೋಗಿಯ ದೇಹದಿಂದ ತೆಗೆದ ಯಾವುದೇ ಪ್ಲೇಟು ಕೇಂದ್ರಕ್ಕಾಗಲಿ ಸಮಿತಿಗಾಗಲಿ ಬಂದಿರುವುದಿಲ್ಲ. ತಂತ್ರಜ್ಞರು ಯಾವ ದೋಷವನ್ನೂ ಯಾರ ಗಮನಕ್ಕೂ ತಂದಿರುವುದಿಲ್ಲ." ಮೊಹರು ಬಿದ್ದ ಪತ್ರ ನನ್ನ ಕೈಯಲ್ಲಿದೆ, ನೀವೇ ನೋಡಿದಿರಿ. ಆದರೆ ಪತ್ರ ಎಲ್ಲೋ ತಪ್ಪಿಹೋಯಿತು ಎನ್ನಬಹುದು. ಡಬ್ಬಿ ಇಲಿ ಒಯ್ದಿತು ಎನ್ನಬಹುದು. ಅದಕ್ಕೇ ನಾನು ಪುಟ ತಿರುಗಿಸುತ್ತಾ ಹೋದೆ.

ಏಳನೇ ಪುಟದಲ್ಲಿ ಒಂದು ಬಣ್ಣದ ಫೋಟೋ ಇದೆ. ದೊಡ್ಡದು, ಬಹಳ ಸ್ಪಷ್ಟವಾದದ್ದು. ಕೆಳಗೆ ಬರೆದಿದ್ದಾರೆ— ಭೀಮಶಾ ಲೇಪಿಸಿದ ದೋಷಯುಕ್ತ ಮಾದರಿ. ಬೆಲ್ಲದ ಬಣ್ಣ. ಎರಡೂ ಅಂಚಿನಲ್ಲಿ, ಇಲ್ಲಿ ಮತ್ತು ಇಲ್ಲಿ, ಸಾಲಾಗಿ ಬೋಳು ಚುಕ್ಕೆಗಳು. ಕ್ಲಿಪ್ಪಿನ ಹಲ್ಲು. ದೋಷ ಚೆನ್ನಾಗಿ ಕಾಣಲಿ ಎಂದು ಆರಿಸಿದ ಫೋಟೋ ಅದು. ಆ ಐದು ಜನರಲ್ಲಿ ಯಾರೂ ಒಂದು ದಿನವೂ ತೊಟ್ಟಿಯ ಮುಂದೆ ನಿಂತವರಲ್ಲ, ಆದ್ದರಿಂದ ತಾವು ಅಚ್ಚು ಹಾಕುತ್ತಿರುವುದು ಏನನ್ನು ಎಂಬುದು ಅವರಿಗೆ ತಿಳಿಯಲಿಲ್ಲ. ಯಾವ ಮನುಷ್ಯನ ತಪ್ಪು ಎಂದು ತೋರಿಸಲು ಹೊರಟರೋ, ಆ ಮನುಷ್ಯನ ಕೈ ಅದಕ್ಕೆ ತಾಗಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ, ಆ ಪುಟವೇ ಸಾಕು.

ಆ ಪುಟವನ್ನು ಗುಲ್ಶನ್‌ಗೆ ತೋರಿಸಿದೆ. ಏನೂ ಹೇಳದೆ ತೋರಿಸಿದೆ, ಇದು ಏನು ನೋಡಿ ಎಂದೆ ಅಷ್ಟೇ. "ಏನ್ ನೋಡೋದ್ರೀ, ನಂದೇ ಇದು" ಎಂದರು. "ಮೂರನೇ ತೂತಿನ ಬಾಜೂಕ ಗೀಚು ಅದ ನೋಡ್ರಿ, ಓರಿಯಾಗಿ. ಸ್ಕ್ರೂ ತಗೀವಾಗ ಕೈ ಜಾರ್ತು ಅಂತ ಡಾಕ್ಟರ್ ಸಾಹೇಬ್ರೇ ಹೇಳ್ಯಾರ. ಎರಡು ವಾರ ದಿಂಬಿನ ಬಾಜೂಕ ಇಟ್ಕೊಂಡು ಮಲಗೀನಿ, ನನಗ ಗುರ್ತು ಸಿಗೂದಿಲ್ಲೇನು?"

ನಾನು ಅವರ ಮಾತನ್ನು ಒಂದೇ ಸಲಕ್ಕೆ ನಂಬಲಿಲ್ಲ. ಅನುಮಾನ ಎಂದ ಮೇಲೆ ಎಲ್ಲರ ಮೇಲೂ ಇರಬೇಕು. ಆಸ್ಪತ್ರೆಯಲ್ಲಿ ಪ್ಲೇಟು ತೆಗೆದ ದಿನ ಡಾಕ್ಟರು ತೆಗೆದ ಫೋಟೋ ಅವರ ಕಡತದಲ್ಲಿದೆ. ಗುಲ್ಶನ್ ಅರ್ಜಿ ಕೊಟ್ಟು ಅದರ ಪ್ರತಿ ತಂದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದೇ ಗೀಚು, ಅದೇ ಓರೆ, ಅದೇ ತೂತು. ಎರಡೂ ಈ ಮೇಜಿನ ಮೇಲಿವೆ. ಹೂ ಹಾಕಲು ಬರುವವರು ನೋಡಿಕೊಂಡು ಹೋಗಿ.

ವಿವೇಕಾನಂದ ಅವರೆ, ನೀವು ಬೆಳಿಗ್ಗೆ ಭೀಮಶಾ ಅವರ ಫೋಟೋಕ್ಕೆ ಹಾರ ಹಾಕಿದಿರಿ. ಕೇಂದ್ರದ ಆಸ್ತಿ ಎಂದು ಹೊಗಳಿದಿರಿ. ಅವರು ನಿಮ್ಮ ಬಗ್ಗೆ ನನ್ನ ಮುಂದೆ ಒಂದು ಕೆಟ್ಟ ಮಾತಾಡಿಲ್ಲ. "ಸಾಹೇಬ್ರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾದ್ರ ಕರೀತಾರ" ಎಂದೇ ಹೇಳುತ್ತಿದ್ದರು. ನಿಮಗೆ ಗೊತ್ತಿಲ್ಲದೆಯೂ ಇದ್ದಿರಬಹುದು. ನಾನು ನಿಮ್ಮನ್ನು ಅಪರಾಧಿ ಎಂದು ಕರೆಯುತ್ತಿಲ್ಲ. ಹಾಗೆ ಕೇಳದೆ ತೀರ್ಮಾನ ಬರೆಯುವ ಅಭ್ಯಾಸ ನನಗಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ. ಸಭೆಯ ನಂತರ ಕೋಣೆಗೆ ಬನ್ನಿ ಮೇಡಂ, ಚಹಾ ಕುಡಿಯುತ್ತಾ ಮಾತಾಡೋಣ ಎಂದು ಚೀಟಿ ಕಳಿಸಿದ್ದೀರಿ. ಚೀಟಿ ಸಿಕ್ಕಿತು. ಕೋಣೆಗೆ ಬರುವುದಿಲ್ಲ. ಆ ಸಾಲನ್ನು ನಿಮ್ಮ ಸಮಿತಿ ಕೋಣೆಯಲ್ಲಿ ಬರೆಯಿತು, ಅದನ್ನು ಅಳಿಸುವುದು ಇಲ್ಲಿ, ಇವರೆಲ್ಲರ ಎದುರಿಗೆ ಆಗಬೇಕು. ಉಳಿದ ಪ್ಲೇಟುಗಳು ಯಾರ್ಯಾರ ಕೈಯೊಳಗೆ ಇವೆಯೋ, ಅವರಿಗೂ ಇದು ತಿಳಿಯಬೇಕು.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಮಾನಮ್ಮನವರೆ, ನೀವು ಕೂತಿರಿ, ನಿಮಗೆ ನಿಲ್ಲಲು ಆಗುವುದಿಲ್ಲ. ಭೀಮಶಾ ಅವರಿಗಾಗಿ ಒಂದು ನಿಮಿಷ ಮೌನವಾಗಿರೋಣ. ಆ ನಿಮಿಷ ಮುಗಿದ ಮೇಲೆ ಕೂತುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಮೈಕು ಇಲ್ಲೇ ಇರುತ್ತದೆ, ನಾವೂ ನಿಂತೇ ಇರುತ್ತೇವೆ. ನಿರ್ದೇಶಕರು ಇಲ್ಲಿಗೆ ಬಂದು ಈ ಸಭೆಗೆ ಹೇಳಬೇಕು— ಕೇಂದ್ರಕ್ಕೆ ಬಂದೇ ಇಲ್ಲ ಎನ್ನುವ ಪ್ಲೇಟಿನ ಫೋಟೋ ನಿಮ್ಮ ವರದಿಗೆ ಎಲ್ಲಿಂದ ಬಂತು, ಮತ್ತು ಆ ಪ್ಲೇಟಿಗೆ ಕ್ಲಿಪ್ ಕಚ್ಚಿಸಿದ ಕೈ ಯಾರದು?